ಮನೋರಂಜಿನಿಯ ಕೊಕ್ಕೆ

ಮನೋರಂಜಿನಿಯ ಕಂಪು ಅಂಗಳಕ್ಕೆಲ್ಲ ಹರಡಿದ್ದರೂ ಹೂವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ತೀರ್ಥಹಳ್ಳಿ ಕಡೆಯ ಹಳೇ ಮನೆಯೊಂದರ ಹಿತ್ತಲಲ್ಲಿ, ಬಚ್ಚಲಮನೆಯ ಸೂರಿಗೆ ಹಬ್ಬಿದ್ದ ಬಳ್ಳಿಯಡಿ ನಿಂತು ಹುಡುಕುತ್ತಿದ್ದೆ. ‘ಎಲೆ ಸರಿಸಿ ನೋಡಿ, ಹಳದಿ ಆಗಿದ್ದನ್ನೇ ಕೀಳಿ’ ಎಂದರು ಮನೆಯ ಅಮ್ಮ. ಎಳೆಯ ಹೂವು ಎಲೆಯಷ್ಟೇ ಹಸಿರು, ವಾಸನೆಯೂ ಕಡಿಮೆ. ಹಳದಿಗೆ ತಿರುಗಿದ ಮೇಲೆಯೇ ಘಮಲು. ದಪ್ಪ ದಳದ ಹೂವೊಂದನ್ನು ಅಂಗೈಗಿಟ್ಟು, ‘ಈಗ ಯಾವ್ದಾದ್ರೂ ಹಣ್ಣು ನೆನೆಸ್ಕೊಳ್ಳಿ’ ಎಂದರು.

ನೆನೆದ ಹಣ್ಣಿನ ಪರಿಮಳ ಕೊಡುವ ಹೂವೆಂಬ ಪ್ರತೀತಿ ಹಳೆಯದು. ಹಲಸು ನೆನೆದೆ, ಹಲಸೇ ಬಂತು. ಅನಾನಸ್ಸೂ ಬಂತು. ಬೇಕೆಂದೇ ಕಿತ್ತಳೆ ನೆನೆದೆ, ಬರಲಿಲ್ಲ. ಮಾಗಿದ ಹಲಸು, ಅನಾನಸ್ಸು, ಬಾಳೆಗೆ ಕಂಪು ತರುವ ಎಸ್ಟರ್‌ಗಳ ಬಗೆಯವೇ ಈ ಹೂವಿನಲ್ಲೂ ಇವೆ; ಕಿತ್ತಳೆ ಸಿಪ್ಪೆಯ ಘಾಟು ಬಹುಪಾಲು ಲಿಮೋನೀನ್‌ನದು. ಸೀತಾಫಲದ ಕುಟುಂಬದ ಗಿಡ ಹಣ್ಣಿನಂತೆ ಘಮಘಮಿಸಿದರೆ ಅದರಲ್ಲಿ ಪವಾಡವೇನೂ ಇಲ್ಲ.

ಪವಾಡ ಇರುವುದು ಹೂವಿನ ತೊಟ್ಟಿನ ಬುಡದಲ್ಲಿ. ಮಲ್ಲಿಗೆ ಸುತ್ತಿಕೊಂಡು ಹಬ್ಬುತ್ತದೆ, ದ್ರಾಕ್ಷಿಗೆ ಕುಡಿಯ ಸುರುಳಿಯಿದೆ. ಮನೋರಂಜಿನಿಯಲ್ಲಿ ಹೂ ಹೊರುವ ಕಡ್ಡಿಯೇ ಗಿಡುಗನ ಉಗುರಿನಂತೆ ಬಾಗಿ ಕೊಕ್ಕೆಯಾಗುತ್ತದೆ. ಆಸರೆ ಸಿಕ್ಕರೆ ದಪ್ಪಗಾಗಿ ಕಟ್ಟಿಗೆಯಷ್ಟು ಗಡುಸಾಗುತ್ತದೆ. ಸೂರಿನ ದಬ್ಬೆಯನ್ನು ಕಚ್ಚಿದ್ದ ಒಂದನ್ನು ಬಿಡಿಸಲು ನೋಡಿದೆ. ಬೆರಳು ನೊಂದಿತೇ ಹೊರತು ಅದು ಅಲುಗಲಿಲ್ಲ. ಅದೇ ಕೊಕ್ಕೆಯ ಮೈಯಿಂದ ಹಸಿರು ಕಾಯಿಗಳ ಗೊಂಚಲು ಜೋತಿತ್ತು. ಹೂ ಬಿಡುವುದು, ಹತ್ತುವುದು, ಕಾಯಿಯ ಭಾರ ಹೊರುವುದು, ಮೂರೂ ಒಂದೇ ಅಂಗದ ಕೆಲಸ!

ಸಸ್ಯವಿಜ್ಞಾನಿ ಕಿರಿಯ ಲಿನೇಯಸ್ 18ನೇ ಶತಮಾನದಲ್ಲಿ ಈ ಬಳ್ಳಿಯನ್ನು ಸೀತಾಫಲದ ಕುಲಕ್ಕೇ ಸೇರಿಸಿದ್ದ. ಈಗ ಇದರ ಸಸ್ಯಶಾಸ್ತ್ರೀಯ ಹೆಸರು ಆರ್ಟಬಾಟ್ರಿಸ್ ಹೆಕ್ಸಾಪೆಟಾಲಸ್. ಇದರ ಬೇರಿನಲ್ಲಿ ಚೀನಾದ ವಿಜ್ಞಾನಿಗಳು ಮಲೇರಿಯಾ ವಿರೋಧಿ ಸಂಯುಕ್ತವೊಂದನ್ನು ಕಂಡುಕೊಂಡದ್ದೂ ಉಂಟು.

ಬೆಳೆಸುವವರಿಗೆ ತಾಳ್ಮೆ ಬೇಕು. ಬೀಜ ಮೊಳೆಯುವುದು ಬಲು ನಿಧಾನ, ಗೂಟಿ ಕಟ್ಟಿದ ಗಿಡವೇ ಮೇಲು. ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ, ಮಳೆಗಾಲದ ಆರಂಭದಲ್ಲಿ ನೆಡಬೇಕು. ವರ್ಷವಿಡೀ ಎಲೆ ಹೊತ್ತೇ ಇರುವ ಬಳ್ಳಿಗೆ ಬಿದಿರಿನ ಚಪ್ಪರ ಸಾಲದು; ಕಲ್ಲುಕಂಬವೋ ಕಬ್ಬಿಣದ ಕಮಾನೋ ಬೇಕು. ಹೂವಿನ ವಾಸನೆಗೆ ಹಾವು ಬರುತ್ತದೆಂದು ಹೆದರಿ ಬಳ್ಳಿ ಕಡಿಸಿದವರಿದ್ದಾರೆ. ಸಂಕಟವಾಗುತ್ತದೆ. ಹಾವಿಗೆ ಬೇಕಾದದ್ದು ಬುಡದ ದಟ್ಟ ಪೊದೆ, ತರಗೆಲೆ. ಅದನ್ನು ಸವರಿ ಗುಡಿಸಿದರೆ ಸಾಕು.

ಕುಂಡದಲ್ಲಿಟ್ಟು ಕತ್ತರಿಸಿ ಪೊದೆಯಾಗಿಸಿದರೂ ಹೂವೇನೋ ಬಿಡುತ್ತದೆ. ಆದರೆ ಆ ಕೊಕ್ಕೆಗಳಿಗೆ ಹಿಡಿಯಲು ಏನೂ ಇರುವುದಿಲ್ಲ. ಒಂದಡಿ ನೆಲವಿದ್ದರೂ ನೆಲಕ್ಕೇ ಹಾಕಿ.