ಹಾಳೆಯ ಕವಚಕ್ಕೆ ಎಷ್ಟು ಅಂಕ?

ಪುತ್ತೂರಿನ ಪಡುಮಲೆ, ಸುಳ್ಯದ ಕಡೆಯ ಪಂಜ, ಎಣ್ಮೂರು. ಕೋಟಿ-ಚೆನ್ನಯರ ಕಥೆ ಕೇಳಿ ಬೆಳೆದವರಿಗೆ ಇವು ಬರಿಯ ಊರುಗಳಲ್ಲ. ಎಣ್ಮೂರಿನ ಕಾಳಗದಲ್ಲಿ ಕೋಟಿ ಬಾಣ ತಗುಲಿ ಬಿದ್ದನೆನ್ನುತ್ತದೆ ಪಾಡ್ದನ. ನಿಜವಾದ ಕಾಳಗದಲ್ಲಿ ಕವಚ ಎಷ್ಟು ಕಾಯಿತೆಂದು ಯಾರೂ ಎಣಿಸುವುದಿಲ್ಲ; ಗಾಯವೇ ಹೇಳುತ್ತದೆ. ಆದರೆ ಕಾಳಗ ಆಟವಾದಾಗ ತಕರಾರು ಹುಟ್ಟುತ್ತದೆ. "ನನ್ನ ಕೋಲು ತಾಗಿತು, ನೀನು ಸತ್ತೆ" ಎಂದು ಒಬ್ಬ. "ನಾನು ಕವಚ ತೊಟ್ಟಿದ್ದೇನೆ" ಎಂದು ಇನ್ನೊಬ್ಬ!

ಯಕ್ಷಗಾನಕ್ಕೆ ಈ ತಕರಾರಿಲ್ಲ. ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದವು, ಮೇಲೆ ಬಂಗಾರದ ಬಣ್ಣದ ಹಾಳೆ. ಅವು ಏಟು ತಡೆಯಬೇಕಾಗಿಲ್ಲ. ವೇಷ ಯಾವುದೆಂದು ತೋರಿಸಿದರೆ ಸಾಕು. ಗೆಲ್ಲುವವನು ಯಾರೆಂಬುದು ಪ್ರಸಂಗದಲ್ಲೇ ತೀರ್ಮಾನವಾಗಿರುತ್ತದೆ. ಸೋಲು-ಗೆಲುವು ಮೊದಲೇ ಗೊತ್ತಿರದ ಆಟಕ್ಕೆ ಮಾತ್ರ ಲೆಕ್ಕ ಬೇಕು.

ಅಂಥ ಆಟಗಳು ವಿದೇಶಗಳಲ್ಲಿ ಬೆಳೆದಿವೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ 'ಡಾಗೊರ್‌ಹಿರ್', ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ನಡೆದ 'ಟ್ರೆಷರ್ ಟ್ರ್ಯಾಪ್' ಇದಕ್ಕೆ ಉದಾಹರಣೆ. ಸ್ಪಂಜು ಸುತ್ತಿದ ಕತ್ತಿ ಹಿಡಿದು ಹೋರಾಡುವುದು ಇಂಥ ಆಟಗಳ ಕ್ರಮ.

ಕವಚದ ಲೆಕ್ಕ ಹಾಕುವ ಸರಳ ವಿಧಾನವೊಂದು ಹೀಗಿದೆ. ದೇಹವನ್ನು ತಲೆ, ಮುಂಡ, ಎರಡು ಕೈ, ಎರಡು ಕಾಲು ಎಂದು ಆರು ಭಾಗ ಮಾಡುವುದು. ಬರಿಮೈಗೆ ಒಂದೇ ಏಟು ಸಾಕು. ಚರ್ಮದ ಕವಚಕ್ಕೆ 1 ಅಂಕ, ಸರಪಳಿಗೆ 2, ಲೋಹದ ತಗಡಿಗೆ 3. ಪ್ರತಿ ಏಟಿಗೆ ಒಂದು ಅಂಕ ಕಳೆಯಬೇಕು. ಎದೆಗೆ ಸರಪಳಿ ತೊಟ್ಟವನು ಎರಡು ಏಟು ತಾಳಿಕೊಂಡು ಮೂರನೆಯದಕ್ಕೆ ಬೀಳುತ್ತಾನೆ. ಎದೆಯನ್ನಷ್ಟೇ ಮುಚ್ಚಿದ ತಗಡು ಬೆನ್ನಿಗೆ ಬಿದ್ದ ಏಟಿಗೆ ಲೆಕ್ಕಕ್ಕಿಲ್ಲ. ಅಂಕ ಧಾರಾಳವಾದರೆ ಆಟ ಮುಗಿಯುವುದೇ ಇಲ್ಲ. ಜಿಪುಣವಾದರೆ ಭಾರ ಹೊತ್ತವನಿಗೆ ಪ್ರಯೋಜನವಿಲ್ಲ. ಹಣವಿದ್ದವನು ತಗಡು ಕೊಂಡು ಅಜೇಯನಾಗದಂತೆ ಗರಿಷ್ಠ ಮಿತಿಯೂ ಬೇಕು.

ಬರ್ಕ್ಲಿಯಲ್ಲಿ 1966ರಲ್ಲಿ ಹುಟ್ಟಿದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ' ಎಂಬ ಸಂಘದವರು ಈ ಗುಣಾಕಾರವನ್ನೇ ಬಿಟ್ಟರು. ಅಲ್ಲಿ ಬೆತ್ತದ ಆಯುಧ. ತೊಟ್ಟದ್ದು ಏನೇ ಇರಲಿ, ಎಲ್ಲರೂ ಸರಪಳಿ ಕವಚ ಧರಿಸಿದ್ದಾರೆಂದೇ ಎಣಿಕೆ. ಏಟು ಸಾಕಷ್ಟು ಬಲವಾಗಿತ್ತೇ ಎಂದು ಹೇಳಬೇಕಾದವನು ಏಟು ತಿಂದವನೇ! ಆದರೆ ಗಟ್ಟಿ ಶಿರಸ್ತ್ರಾಣ ಕಡ್ಡಾಯ. ಆಟದೊಳಗಿನ ಕವಚ ಬೇರೆ, ಮೈ ಕಾಯುವ ಕವಚ ಬೇರೆ ಎಂಬ ವಿವೇಕ ಇಲ್ಲಿದೆ.

ಇವೆರಡನ್ನು ಬೆರೆಸುವುದು ಅಪಾಯ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಮುರಿದ ಕತ್ತಿ ಮುಖವಾಡವನ್ನು ಸೀಳಿ, ಸೋವಿಯತ್ ಕತ್ತಿವರಸೆಗಾರ ವ್ಲಾದಿಮಿರ್ ಸ್ಮಿರ್ನೋವ್ ತೀರಿಕೊಂಡರು. ಆಮೇಲೆ ಸುರಕ್ಷತಾ ನಿಯಮಗಳು ಬಿಗಿಯಾದವು. ಇಂದು ಅಂತರರಾಷ್ಟ್ರೀಯ ಕತ್ತಿವರಸೆಯ ಒಳಗವಚ 800 ನ್ಯೂಟನ್ ಬಲ ತಡೆಯಬೇಕು. ಇದು ಪಂಚಾಯಿತಿಕೆಯ ಅಂಕವಲ್ಲ, ಪರೀಕ್ಷೆಯ ಅಂಕ. ಆ ಅಂಕಕ್ಕೂ ಮಿತಿಯಿದೆ. ಮೆತ್ತನೆಯ ಶಿರಸ್ತ್ರಾಣ ಚರ್ಮ ಹರಿಯುವುದನ್ನು ತಪ್ಪಿಸೀತು. ಬುರುಡೆಯೊಳಗೆ ಮಿದುಳು ಅಲುಗುವುದನ್ನು ನಿಲ್ಲಿಸಲಾರದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷ ಬಾಕ್ಸರ್‌ಗಳು ಶಿರಸ್ತ್ರಾಣವಿಲ್ಲದೆ ಕಣಕ್ಕಿಳಿದರು.

ಪುತ್ತೂರು, ಸುಳ್ಯ, ಕಡಬದ ಬೇಸಗೆ ಶಿಬಿರಗಳಲ್ಲಿ ಮಕ್ಕಳಿಗೆ ಇಂಥದೊಂದು ಆಟ ಆಡಿಸಬೇಕೆಂದರೆ ಕವಚಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ತೋಟದಲ್ಲಿ ಅಡಿಕೆ ಹಾಳೆ ಬಿದ್ದಿರುತ್ತದೆ. ನೆನೆಸಿದರೆ ಬಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಮುಟ್ಟಾಳೆ ಮಾಡುವ ಊರಿಗೆ ಇದನ್ನು ಕಲಿಸಬೇಕೇ? ಒಂದು ಪದರದ ಹಾಳೆಗೆ 1, ಎರಡು ಪದರಕ್ಕೆ 2. ಅದಕ್ಕಿಂತ ಹೆಚ್ಚು ಬೇಡ. ಇಲ್ಲಿನ ಎಪ್ರಿಲ್ ತಿಂಗಳ ಸೆಕೆಯಲ್ಲಿ ದಪ್ಪ ರೆಕ್ಸಿನ್ ತೊಡಿಸಿದರೆ ಏಟಿಗಿಂತ ಮೊದಲು ಬಿಸಿಲೇ ಮಕ್ಕಳನ್ನು ಬೀಳಿಸೀತು.

ಇದು ಆಟದ ಲೆಕ್ಕ. ಎರಡನೆಯ ಲೆಕ್ಕದಲ್ಲಿ, ಅಂದರೆ ಕಣ್ಣು, ಹಲ್ಲು, ತಲೆಯ ವಿಷಯದಲ್ಲಿ, ಹಾಳೆಯ ಬೆಲೆ ಸೊನ್ನೆ. ಆದ್ದರಿಂದ ಕತ್ತಿಗೆ ತುದಿಯವರೆಗೂ ಸ್ಪಂಜು ಸುತ್ತಬೇಕು. ಮುಖಕ್ಕೂ ಕುತ್ತಿಗೆಗೂ ಹೊಡೆಯುವಂತಿಲ್ಲ, ಚುಚ್ಚುವಂತಿಲ್ಲ. ಹೊಡೆದರೆ ಅಂಕ ಸಿಗುವುದಿಲ್ಲ, ಹೊಡೆದವನೇ ಹೊರಗೆ.

ತುಳುನಾಡಿನಲ್ಲಿ ಅಂಕವೆಂದರೆ ಎಣಿಕೆಯೂ ಹೌದು, ಕೋಳಿ ಕಾದುವ ಕಣವೂ ಹೌದು. ಕಣಕ್ಕೆ ಇಳಿಯುವ ಮುಂಚೆ ಎಣಿಕೆ ಮುಗಿದಿರಬೇಕು. ಆಟದಲ್ಲಿ ಸತ್ತ ಹುಡುಗ ಮುಂದಿನ ಸುತ್ತಿಗೆ ಎದ್ದು ಬರುತ್ತಾನೆ. ಹೋದ ಕಣ್ಣು ಬರುವುದಿಲ್ಲ.