ಅಂಗಳ ಬರೆಯುವ ಆಟಗಾರರು

ಕುಂಟೆಬಿಲ್ಲೆ ಆಡುವ ಮಕ್ಕಳನ್ನು ಗಮನಿಸಿದ್ದೀರಾ? ಇದ್ದಿಲ ಚೂರೋ ಸೀಮೆಸುಣ್ಣದ ತುಂಡೋ ಸಿಕ್ಕಿದರೆ ಸಾಕು, ನೆಲದ ಮೇಲೆ ಮನೆಗಳನ್ನು ಬರೆದೇಬಿಡುತ್ತಾರೆ. ಒಂದು ಬೀದಿಯಲ್ಲಿ ಎಂಟು ಮನೆ, ಪಕ್ಕದ ಬೀದಿಯಲ್ಲಿ ಹತ್ತು. ಒಂದು ಕಡೆ ಗೆರೆ ತುಳಿದರೆ ಔಟು, ಇನ್ನೊಂದು ಕಡೆ ಮತ್ತೊಂದು ಅವಕಾಶ ಉಂಟು. ಚೌಕಾಬಾರದ್ದೂ ಇದೇ ಕತೆ. ಸಾಲಿಗೆ ಐದು ಮನೆಯ ಪಟವೂ ಇದೆ, ಏಳು ಮನೆಯದೂ ಇದೆ. ಈ ಆಟಗಳಿಗೆ ಕಂಪನಿಯಿಲ್ಲ, ಮಾಲೀಕರಿಲ್ಲ. ಆಡುವವರೇ ಅಂಗಳವನ್ನೂ ಬರೆದುಕೊಳ್ಳುತ್ತಾರೆ.

ಕಂಪ್ಯೂಟರ್ ಆಟಗಳು ಮೊದಮೊದಲು ಹೀಗಿರಲಿಲ್ಲ. ಅವು ಮೊಹರು ಮಾಡಿದ ಡಬ್ಬಿಯಂತೆ ಬಂದವು. ತಯಾರಕರು ಎಷ್ಟು ಹಂತಗಳನ್ನು ಇಟ್ಟಿದ್ದರೋ ಅಷ್ಟೇ ಆಟ. ಈ ಮೊಹರು ಒಡೆದು, ಆಟಗಾರರೇ ಆಟದ ಅಂಗಳವನ್ನು, ಅಂದರೆ ಈಗಿನ ಹುಡುಗರ ಬಾಯಲ್ಲಿ ‘ಮ್ಯಾಪ್’ ಎನಿಸಿಕೊಳ್ಳುವ ನಕ್ಷೆಯನ್ನು, ತಾವೇ ಕಟ್ಟಿ ಊರಿಗೆಲ್ಲ ಹಂಚುವಂತಾದದ್ದು ಒಂದು ಸ್ವಾರಸ್ಯದ ಕತೆ. ಇದನ್ನು ವಿದ್ಯಾರ್ಥಿಗಳು ಮಾತ್ರವಲ್ಲ, ತಂದೆತಾಯಂದಿರೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಕಂಪ್ಯೂಟರ್ ಮುಂದೆ ಮೂರು ಗಂಟೆ ಕುಳಿತ ಮಗ ಆಡುತ್ತಿದ್ದಾನೋ, ಕಟ್ಟುತ್ತಿದ್ದಾನೋ ಎಂಬುದು ಬೆನ್ನ ಹಿಂದೆ ನಿಂತವರಿಗೆ ತಿಳಿಯುವುದಿಲ್ಲ. ಎರಡೂ ಒಂದೇ ತೆರನಾಗಿ ಕಾಣುತ್ತವೆ!

ಟೇಪ್ ರೆಕಾರ್ಡರ್ ಮತ್ತು ಕ್ಯಾಸೆಟ್

1983ರಲ್ಲಿ ಅಮೆರಿಕದ ಡಗ್ಲಸ್ ಸ್ಮಿತ್ ಎಂಬಾತ ರಚಿಸಿದ ‘ಲೋಡ್ ರನ್ನರ್’ ಎಂಬ ಆಟದಲ್ಲಿ 150 ಹಂತಗಳಿದ್ದವು. ಜೊತೆಗೆ ಹೊಸ ಹಂತಗಳನ್ನು ನಾವೇ ರಚಿಸಲು ಒಂದು ಸಾಧನವನ್ನೂ ಕೊಟ್ಟಿದ್ದರು. ಆದರೆ ರಚಿಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಫ್ಲಾಪಿಯನ್ನು ಕೈಯಿಂದ ಕೈಗೆ ದಾಟಿಸಬೇಕಿತ್ತು. ನಿಜವಾದ ತಿರುವು ಬಂದದ್ದು ಹತ್ತು ವರ್ಷಗಳ ನಂತರ.

1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ‘ಡೂಮ್’ ಎಂಬ ಆಟವನ್ನು ಬಿಡುಗಡೆ ಮಾಡಿತು. ರಕ್ತಪಾತದ ಆಟ, ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಅದರ ಒಳರಚನೆ ಮಾತ್ರ ವಿಜ್ಞಾನದ ವಿದ್ಯಾರ್ಥಿ ನೋಡಬೇಕಾದದ್ದು. ಮುಖ್ಯ ಪ್ರೋಗ್ರಾಂ ಬರೆದ ಜಾನ್ ಕಾರ್ಮಾಕ್, ಆಟವನ್ನು ನಡೆಸುವ ಯಂತ್ರಭಾಗವನ್ನೂ ಅದಕ್ಕೆ ಬೇಕಾದ ನಕ್ಷೆ, ಚಿತ್ರ, ಶಬ್ದಗಳನ್ನೂ ಬೇರೆಬೇರೆ ಕಡತಗಳಲ್ಲಿ ಇಟ್ಟ. ಈ ಎರಡನೆಯ ಕಡತಕ್ಕೆ ‘ವ್ಯಾಡ್’ ಎಂದು ಹೆಸರು. ಟೇಪ್ ರೆಕಾರ್ಡರ್ ಒಂದೇ ಇದ್ದು ಕ್ಯಾಸೆಟ್ ಬದಲಿಸಿದಂತೆ, ಯಂತ್ರಭಾಗವನ್ನು ಮುಟ್ಟದೆ ವ್ಯಾಡ್ ಬದಲಿಸಿದರೆ ಹೊಸ ಅಂಗಳ ಸಿದ್ಧ. ಖಾಲಿ ಕ್ಯಾಸೆಟ್ಟಿಗೆ ನಮ್ಮದೇ ಹಾಡು ತುಂಬಿಸಿಕೊಳ್ಳಲು ಯಾರ ಅಪ್ಪಣೆ ಬೇಕು?

ಹಾಗೆಯೇ ಆಯಿತು. 1994ರ ಜನವರಿಯಲ್ಲೇ ನ್ಯೂಜಿಲೆಂಡಿನ ಬ್ರೆಂಡನ್ ವೈಬರ್, ಬೆಲ್ಜಿಯಮ್ಮಿನ ರಫಾಯೆಲ್ ಕಿನೆ ಎಂಬ ಇಬ್ಬರು ಉತ್ಸಾಹಿಗಳು ಅಂತರಜಾಲದ ಮೂಲಕವೇ ಕೂಡಿ, ಡೂಮ್ ನಕ್ಷೆಗಳನ್ನು ತಿದ್ದುವ ತಂತ್ರಾಂಶವನ್ನು ಹೊರತಂದರು. ಕಂಪನಿ ಇದನ್ನು ತಡೆಯಲಿಲ್ಲ. ಅದು ಕೇಳಿಕೊಂಡದ್ದು ಇಷ್ಟೇ: ನೀವು ಕಟ್ಟಿದ ನಕ್ಷೆಗಳು ಉಚಿತ ಮಾದರಿ ಆವೃತ್ತಿಯಲ್ಲಿ ಓಡಬಾರದು, ಹಣ ಕೊಟ್ಟು ಕೊಂಡ ಆಟದಲ್ಲಿ ಮಾತ್ರ ಓಡಬೇಕು. ಎಂಥ ವ್ಯಾಪಾರದ ಜಾಣತನ ನೋಡಿ! ಊರಿನ ಹುಡುಗರೆಲ್ಲ ಪುಕ್ಕಟೆ ನಕ್ಷೆ ಕಟ್ಟುತ್ತಾರೆ, ಅದನ್ನು ಆಡಬೇಕಾದವರು ಆಟವನ್ನು ಕೊಳ್ಳುತ್ತಾರೆ.

ಡೂಮ್‌ನ ನಕ್ಷೆ ಎಂದರೆ ನಿಜವಾಗಿ ಏನು? ನಮ್ಮ ಮನೆ ಕಟ್ಟುವಾಗ ಇಂಜಿನಿಯರು ಬರೆದುಕೊಡುವ ಪ್ಲಾನಿನಂತೆಯೇ ಅದು. ಹಾಳೆಯ ಮೇಲೆ ಬಿಂದುಗಳು. ಬಿಂದುಗಳನ್ನು ಸೇರಿಸುವ ರೇಖೆಗಳು. ರೇಖೆಗಳು ಸುತ್ತುವರಿದ ಬಹುಭುಜಗಳು. ಪ್ರತಿ ಬಹುಭುಜಕ್ಕೂ ನೆಲದ ಎತ್ತರ ಎಷ್ಟು, ಚಾವಣಿಯ ಎತ್ತರ ಎಷ್ಟು ಎಂದು ಎರಡು ಸಂಖ್ಯೆ. ಅಷ್ಟರಿಂದಲೇ ಕೋಣೆ, ಮೆಟ್ಟಿಲು, ಹೊಂಡ, ಕಿಟಕಿ ಎಲ್ಲ ಎದ್ದು ನಿಲ್ಲುತ್ತವೆ. ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ ಆದ್ದರಿಂದ ಮಹಡಿಯ ಮೇಲೆ ಮಹಡಿ ಕಟ್ಟಲು ಮಾತ್ರ ಬರುವುದಿಲ್ಲ. ಈ ಮಿತಿಯೊಳಗೇ ಆಟಗಾರರು ಅರಮನೆಗಳನ್ನು ಕಟ್ಟಿದರು. ಒಂಬತ್ತನೆಯ ತರಗತಿಯಲ್ಲಿ ನಿರ್ದೇಶಾಂಕ ಜ್ಯಾಮಿತಿ ಕಲಿಸುವಾಗ ‘ಇದರಿಂದ ಏನು ಪ್ರಯೋಜನ ಸಾರ್?’ ಎಂದು ಕೇಳುವ ಹುಡುಗರಿಗೆ ನಾನು ಈಗ ಕೊಡುವ ಉತ್ತರ ಇದೇ.

ಎರಡು ತಂಡ ಎಲ್ಲಿ ಎದುರಾಗಬೇಕು?

1998ರಲ್ಲಿ ವಾಲ್ವ್ ಎಂಬ ಕಂಪನಿ ‘ಹಾಫ್-ಲೈಫ್’ ಎಂಬ ಆಟವನ್ನು ತಂದಿತು. ಅದನ್ನೇ ಆಧರಿಸಿ ಮಿನ್ ಲೇ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಕಾಲೇಜು ವಿದ್ಯಾರ್ಥಿಗಳು 1999ರಲ್ಲಿ ‘ಕೌಂಟರ್-ಸ್ಟ್ರೈಕ್’ ಮಾಡಿದರು. ಎರಡು ತಂಡ, ಒಂದು ಬಾಂಬು ಇಡಬೇಕು, ಇನ್ನೊಂದು ತಡೆಯಬೇಕು. ಮುಂದೆ ಬೆಂಗಳೂರಿನ ಸೈಬರ್ ಕೆಫೆಗಳಲ್ಲೂ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲೂ ರಾತ್ರಿಯೆಲ್ಲ ನಡೆದದ್ದು ಇದೇ ಆಟ. ಈ ಆಟದ ನಕ್ಷೆಗಳನ್ನು ಕಟ್ಟಿಕೊಟ್ಟವರು ಹೆಚ್ಚಾಗಿ ಹೊರಗಿನ ಹವ್ಯಾಸಿಗಳು. ಅವರಲ್ಲೊಬ್ಬ ಇಂಗ್ಲೆಂಡಿನ ಡೇವ್ ಜಾನ್‌ಸ್ಟನ್, ಆಗ ಇನ್ನೂ ಹದಿಹರೆಯದ ವಿದ್ಯಾರ್ಥಿ. 1999ರಲ್ಲಿ ಅವನು ಕಟ್ಟಿದ ‘ಡಸ್ಟ್’ ಮತ್ತು 2001ರಲ್ಲಿ ಕಟ್ಟಿದ ‘ಡಸ್ಟ್ 2’ ಜಗತ್ತಿನಲ್ಲಿ ಅತಿ ಹೆಚ್ಚು ಆಡಲ್ಪಟ್ಟ ನಕ್ಷೆಗಳ ಸಾಲಿಗೆ ಸೇರಿದವು. 2023ರಲ್ಲಿ ಬಂದ ‘ಕೌಂಟರ್-ಸ್ಟ್ರೈಕ್ 2’ರಲ್ಲೂ ಎರಡನೆಯದು ಇದೆ.

ಮರಳು ಬಣ್ಣದ ಗೋಡೆ, ಕಮಾನು, ಇಳಿಜಾರು, ಮರದ ಪೆಟ್ಟಿಗೆಗಳು. ನೋಡಲು ವಿಶೇಷವೇನಿಲ್ಲ. ಡಸ್ಟ್ 2ರ ದಾರಿಗಳನ್ನು ಮೇಲಿನಿಂದ ನೋಡಿದರೆ ಸ್ಥೂಲವಾಗಿ 8ರ ಅಂಕಿಯಂತೆ ಕಾಣುತ್ತವೆ. ಹಾಗಾದರೆ ಅದರ ಗುಟ್ಟೇನು? ಗುಟ್ಟು ಇರುವುದು ನಾವು ಭೌತವಿಜ್ಞಾನದ ಮೊದಲ ಪಾಠದಲ್ಲೇ ಹೇಳಿಕೊಡುವ ಸೂತ್ರದಲ್ಲಿ: ದೂರವನ್ನು ವೇಗದಿಂದ ಭಾಗಿಸಿದರೆ ಕಾಲ.

ಆ ಆಟದಲ್ಲಿ ಕೈಯಲ್ಲಿ ಚಾಕು ಮಾತ್ರ ಹಿಡಿದವನು ಸೆಕೆಂಡಿಗೆ 250 ಮಾನದ ವೇಗದಲ್ಲಿ ಓಡುತ್ತಾನೆ. ಭಾರದ ಬಂದೂಕು ಹಿಡಿದರೆ ವೇಗ ಇಳಿಯುತ್ತದೆ. ಈಗ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ನಡುವಿನ ಕಮಾನಿಗೆ ಒಂದು ತಂಡದಿಂದ 2,000 ಮಾನ ದೂರ, ಇನ್ನೊಂದು ತಂಡದಿಂದ 2,500 ಮಾನ ದೂರ ಇದೆಯೆನ್ನಿ. ಮೊದಲನೆಯವರು 8 ಸೆಕೆಂಡಿಗೆ ತಲಪುತ್ತಾರೆ, ಎರಡನೆಯವರು 10 ಸೆಕೆಂಡಿಗೆ. ಎರಡೇ ಸೆಕೆಂಡು! ಆದರೆ ಆ ಎರಡು ಸೆಕೆಂಡಿನಲ್ಲಿ ಮೊದಲು ಬಂದವರು ಕಮಾನಿನ ಮರೆಯಲ್ಲಿ ಅಡಗಿ ಗುರಿಯಿಟ್ಟು ಕುಳಿತಿರುತ್ತಾರೆ. ಪ್ರತಿ ಸಲವೂ ಅವರೇ ಗೆದ್ದರೆ ಆ ನಕ್ಷೆಯನ್ನು ಮೂರನೆಯ ದಿನ ಯಾರೂ ಮುಟ್ಟುವುದಿಲ್ಲ. ಇದನ್ನು ಸರಿಪಡಿಸಲು ದಾರಿಯನ್ನು ಕೊಂಚ ಗಿಡ್ಡ ಮಾಡಬಹುದು, ನಡುವೆ ಒಂದು ಪೆಟ್ಟಿಗೆ ಇಟ್ಟು ಮರೆ ಕೊಡಬಹುದು, ಅಥವಾ ಸುತ್ತುಬಳಸಿನ ಇನ್ನೊಂದು ದಾರಿ ತೆರೆಯಬಹುದು. ಯಾವುದನ್ನು ಮಾಡಿದರೂ ಅದರ ಪರಿಣಾಮ ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಆಡಿಸಿ ನೋಡಬೇಕು. ಪ್ರಯೋಗಶಾಲೆಯಲ್ಲಿ ನಾವು ಗಂಟಲು ಹರಿದುಕೊಂಡು ಹೇಳುವ ಮಾತನ್ನು ಈ ಹುಡುಗರು ಯಾರೂ ಹೇಳದೆ ಕಲಿಯುತ್ತಾರೆ.

ಘಟನೆ, ನಿಬಂಧನೆ, ಕ್ರಿಯೆ

ಅಂಗಳ ಮಾತ್ರವಲ್ಲ, ಆಟದ ನಿಯಮಗಳನ್ನೇ ಬದಲಿಸುವ ಅವಕಾಶ ಸಿಕ್ಕಿದರೆ? ಬ್ಲಿಜರ್ಡ್ ಕಂಪನಿ 2002ರಲ್ಲಿ ತಂದ ‘ವಾರ್‌ಕ್ರಾಫ್ಟ್ 3’ ಎಂಬ ಆಟದ ಜೊತೆ ಕೊಟ್ಟ ಸಾಧನ ಅಂಥದ್ದು. ಅದರಲ್ಲಿ ನಿಯಮಗಳನ್ನು ಮೂರು ಭಾಗಗಳಲ್ಲಿ ಬರೆಯಬೇಕು: ಘಟನೆ, ನಿಬಂಧನೆ, ಕ್ರಿಯೆ. ಶಾಲೆಯ ಗಂಟೆಯನ್ನೇ ತೆಗೆದುಕೊಳ್ಳಿ. ಗಡಿಯಾರ ಹತ್ತು ತೋರಿಸಿದ್ದು ಘಟನೆ. ಅಂದು ರಜೆಯಲ್ಲ ಎಂಬುದು ನಿಬಂಧನೆ. ಜವಾನ ಗಂಟೆ ಬಾರಿಸುವುದು ಕ್ರಿಯೆ. ಇಂಥ ನೂರಾರು ತುಣುಕುಗಳನ್ನು ಪೋಣಿಸಿದರೆ ಮೂಲ ಆಟಕ್ಕೆ ಸಂಬಂಧವೇ ಇಲ್ಲದ ಹೊಸ ಆಟ ಹುಟ್ಟುತ್ತದೆ.

ಹಂಚುವ ಏರ್ಪಾಡೂ ಸರಳವಾಗಿತ್ತು. ಒಬ್ಬ ತನ್ನ ನಕ್ಷೆಯನ್ನು ತೆರೆದು ಆಟಕ್ಕೆ ಕರೆಯುತ್ತಾನೆ. ಸೇರಿಕೊಂಡವರ ಬಳಿ ಆ ನಕ್ಷೆ ಇಲ್ಲದಿದ್ದರೆ ಕಡತ ತಾನಾಗಿಯೇ ಅವರ ಕಂಪ್ಯೂಟರಿಗೆ ಇಳಿಯುತ್ತದೆ. ನಾಳೆ ಅವರೂ ಅದೇ ನಕ್ಷೆಗೆ ಇನ್ನೊಬ್ಬರನ್ನು ಕರೆಯಬಹುದು. ಜಾಹೀರಾತು ಬೇಡ, ಅಂಗಡಿ ಬೇಡ. ಚೆನ್ನಾಗಿದ್ದರೆ ಹಬ್ಬುತ್ತದೆ, ಇಲ್ಲದಿದ್ದರೆ ಅಲ್ಲೇ ಸಾಯುತ್ತದೆ.

ಹೀಗೆ ಹಬ್ಬಿದ್ದು ‘ಡೋಟಾ’. 1998ರ ‘ಸ್ಟಾರ್‌ಕ್ರಾಫ್ಟ್’ ಆಟಕ್ಕೆ ಒಬ್ಬ ಹವ್ಯಾಸಿ ಮಾಡಿದ್ದ ನಕ್ಷೆಯೊಂದರಿಂದ ಸ್ಫೂರ್ತಿ ಪಡೆದು, ‘ಯೂಲ್’ ಎಂಬ ಅಡ್ಡಹೆಸರಿನವನು ಇದನ್ನು ಕಟ್ಟಿದ. ಎದುರುಬದುರು ಮೂಲೆಗಳಲ್ಲಿ ಎರಡು ಕೋಟೆ, ಅವುಗಳ ನಡುವೆ ಮೂರು ದಾರಿ, ಅಡ್ಡಲಾಗಿ ಒಂದು ನದಿ. ದಾರಿಗಳಲ್ಲಿ 30 ಸೆಕೆಂಡಿಗೊಮ್ಮೆ ಕಂಪ್ಯೂಟರಿನ ಸೈನಿಕರು ಹೊರಡುತ್ತಾರೆ. ಆಟಗಾರನ ಕೈಯಲ್ಲಿ ಇರುವುದು ಒಬ್ಬನೇ ವೀರ. ಯೂಲ್ ಬಿಟ್ಟ ಮೇಲೆ ಈ ಬಗೆಯ ನಕ್ಷೆಗಳಲ್ಲಿದ್ದ ಒಳ್ಳೆಯ ವೀರರನ್ನೆಲ್ಲ ಹವ್ಯಾಸಿಗಳು ಒಂದೆಡೆ ಸೇರಿಸಿದರು; ಆ ನಕ್ಷೆಯನ್ನು ಸ್ಟೀವ್ ಫೀಕ್ ಎಂಬಾತ ಮುಂದುವರಿಸಿದ. ಅವನ ನಂತರ ‘ಐಸ್‌ಫ್ರಾಗ್’ ಎಂಬ ಅಡ್ಡಹೆಸರಿನವನು ವರ್ಷಗಟ್ಟಲೆ ತಿದ್ದಿದ. ಯಾವ ವೀರ ಅತಿಯಾದ, ಯಾರು ಕೆಲಸಕ್ಕೆ ಬಾರದಾದ ಎಂಬ ಆಟಗಾರರ ದೂರುಗಳನ್ನು ಕೇಳಿ, ಒಂದೊಂದು ಆವೃತ್ತಿಯಲ್ಲೂ ಅಂಕಿಗಳನ್ನು ಚೂರುಚೂರೇ ಹೆಚ್ಚುಕಡಿಮೆ ಮಾಡುತ್ತ ಹೋದ. ಇವರಲ್ಲಿ ಯಾರೂ ಆಗ ಬ್ಲಿಜರ್ಡ್‌ನ ಸಂಬಳ ಪಡೆದವರಲ್ಲ.

ಕಟ್ಟಿದ್ದು ಯಾರ ಸ್ವತ್ತು?

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹಣದ ವಾಸನೆ ಬಂದಮೇಲೆ ಪ್ರಶ್ನೆಗಳು ಏಳಲೇಬೇಕಲ್ಲ! ಫೀಕ್ 2009ರಲ್ಲಿ ಬಿಡುಗಡೆಯಾದ ‘ಲೀಗ್ ಆಫ್ ಲೆಜೆಂಡ್ಸ್’ ತಯಾರಿಸಿದ ರಯಟ್ ಕಂಪನಿ ಸೇರಿದ. ಅದೇ ವರ್ಷ ಐಸ್‌ಫ್ರಾಗ್‌ನನ್ನು ವಾಲ್ವ್ ಕರೆಸಿಕೊಂಡಿತು. ವಾಲ್ವ್ ‘ಡೋಟಾ’ ಎಂಬ ಹೆಸರಿಗೆ ಹಕ್ಕು ಕೇಳಿದಾಗ ಬ್ಲಿಜರ್ಡ್ ತಕರಾರು ತೆಗೆಯಿತು. 2012ರ ಮೇ ತಿಂಗಳಲ್ಲಿ ರಾಜಿಯಾಯಿತು. ವ್ಯಾಪಾರಕ್ಕೆ ಆ ಹೆಸರು ವಾಲ್ವ್‌ಗೆ; ಹವ್ಯಾಸಿಗಳ ನಕ್ಷೆಗಳಿಗೆ ಬೇಕಾದರೆ ಬ್ಲಿಜರ್ಡ್ ಬಳಗ ಬಳಸಿಕೊಳ್ಳಬಹುದು. 2013ರಲ್ಲಿ ‘ಡೋಟಾ 2’ ಅಧಿಕೃತವಾಗಿ ಬಿಡುಗಡೆಯಾಯಿತು. 2021ರಲ್ಲಿ ಅದರ ವಾರ್ಷಿಕ ಪಂದ್ಯಾವಳಿಯ ಬಹುಮಾನದ ಮೊತ್ತ 4 ಕೋಟಿ ಡಾಲರ್ ದಾಟಿತ್ತು. ಬ್ಲಿಜರ್ಡ್ ಕೊಟ್ಟ ಸಾಧನದಲ್ಲಿ ಹವ್ಯಾಸಿಗಳು ಕಟ್ಟಿದ ಅಂಗಳ ಕೊನೆಗೆ ಬೆಳೆ ಕೊಟ್ಟದ್ದು ಬೇರೆಯವರ ಹೊಲದಲ್ಲಿ!

ಬ್ಲಿಜರ್ಡ್ ಇದನ್ನು ಮರೆತಂತಿಲ್ಲ. 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3ರ ಪರಿಷ್ಕೃತ ಆವೃತ್ತಿ ಬಂದಾಗ ಅದರ ಷರತ್ತುಗಳಲ್ಲಿ, ಆಟಗಾರರು ಕಟ್ಟುವ ನಕ್ಷೆಗಳೂ ಆಟಗಳೂ ಸಂಪೂರ್ಣವಾಗಿ ಕಂಪನಿಯ ಸ್ವತ್ತು ಎಂದು ಬರೆದಿತ್ತು. ಒಪ್ಪಿದರೆ ಕಟ್ಟಿ, ಇಲ್ಲವಾದರೆ ಬಿಡಿ. ಸಾಧನ ಕೊಟ್ಟವರಿಗೆ ಸ್ವಲ್ಪ ಹಕ್ಕು ಇರಲಿ, ನನ್ನ ತಕರಾರಿಲ್ಲ. ಆದರೆ ಸೀಮೆಸುಣ್ಣ ಮಾರಿದವನು ಬೋರ್ಡಿನ ಮೇಲೆ ಬರೆದ ಲೆಕ್ಕವೂ ತನ್ನದೇ ಎಂದರೆ ಒಪ್ಪುವುದು ಕಷ್ಟ.

ನಮ್ಮ ಮಕ್ಕಳಿಗೂ ಇದು ದೂರದ ಮಾತಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕೃತಿ ರಚಿಸಿದವನೇ ಅದರ ಮೊದಲ ಒಡೆಯ. 1872ರ ಕರಾರು ಕಾಯ್ದೆಯಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಹೀಗಿದ್ದೂ ಹದಿಮೂರರ ಹುಡುಗ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಕಣ್ಣುಮುಚ್ಚಿ ಒತ್ತುತ್ತಾನೆ. ಆ ಷರತ್ತುಗಳನ್ನು ತಂದೆಯೋ ತಾಯಿಯೋ ಜೊತೆಗೆ ಕುಳಿತು ಒಮ್ಮೆ ಓದಲಿ. ಎಲ್ಲವೂ ಬೇಡ, ಮೂರು ಸಂಗತಿ ಹುಡುಕಿದರೆ ಸಾಕು: ಕಟ್ಟಿದ್ದು ಯಾರದಾಗುತ್ತದೆ, ಅದನ್ನು ಅಳಿಸುವ ಹಕ್ಕು ಯಾರಿಗಿದೆ, ಅದರಿಂದ ಹಣ ಬಂದರೆ ಯಾರಿಗೆ ಸೇರುತ್ತದೆ. ಜೊತೆಗೆ ಮೂಲ ಕಡತದ ಒಂದು ಪ್ರತಿ ಮನೆಯಲ್ಲೇ ಇರಲಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. 2007ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿ ತನ್ನ ಶಾಲೆಯ ಕಟ್ಟಡವನ್ನೇ ಕೌಂಟರ್-ಸ್ಟ್ರೈಕ್ ನಕ್ಷೆಯಾಗಿ ಕಟ್ಟಿ ಗೆಳೆಯರೊಡನೆ ಹಂಚಿಕೊಂಡ. ವರ್ಜೀನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಗುಂಡಿನ ದಾಳಿ ನಡೆದು ಎಲ್ಲರೂ ಬೆಚ್ಚಿದ್ದ ಸಮಯ ಅದು. ಪೊಲೀಸರು ವಿಚಾರಿಸಿದರು. ಮೊಕದ್ದಮೆಯೇನೂ ಆಗಲಿಲ್ಲ, ಆದರೂ ಅವನನ್ನು ಆ ಶಾಲೆಯಿಂದ ತೆಗೆದು ಬೇರೆ ಕೇಂದ್ರಕ್ಕೆ ಕಳಿಸಿದರು. ಹುಡುಗನಿಗೆ ಚೆನ್ನಾಗಿ ಗೊತ್ತಿದ್ದ ಕಟ್ಟಡ ಅದೊಂದೇ ಇದ್ದಿರಬಹುದು. ಅಷ್ಟಕ್ಕೇ ಇಷ್ಟು ಶಿಕ್ಷೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಬಂದೂಕಿನ ಆಟದಲ್ಲಿ ಶಾಲೆ, ಮನೆ, ದೇವಸ್ಥಾನಗಳನ್ನು ಕಟ್ಟಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳುವುದು ಲೇಸು.

ಬಂದೂಕೇ ಬೇಡವೆನ್ನುವವರಿಗೆ ‘ಮೈನ್‌ಟೆಸ್ಟ್’ ಇದೆ. 2024ರಲ್ಲಿ ಅದಕ್ಕೆ ‘ಲುವಾಂಟಿ’ ಎಂದು ಹೆಸರು ಬದಲಾಯಿತು. ಪೂರ್ತಿ ಉಚಿತ, ಮೂಲ ಪ್ರೋಗ್ರಾಂ ಕೂಡ ಎಲ್ಲರಿಗೂ ತೆರೆದಿದೆ. ಜಗತ್ತೆಲ್ಲ ಘನಗಳಿಂದ ಕಟ್ಟಿದ್ದು, ಬೇರೆ ಹೊಂದಿಕೆ ಮಾಡದಿದ್ದರೆ ಆಟಗಾರ ಸೆಕೆಂಡಿಗೆ 4 ಘನದಂತೆ ನಡೆಯುತ್ತಾನೆ. ಇದನ್ನು ಆರಿಸಿಕೊಂಡ ವಿದ್ಯಾರ್ಥಿ ಮೊದಲು ಕಂಪ್ಯೂಟರನ್ನು ಮುಟ್ಟದೆ ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 4 ಘನದ ಪ್ರಮಾಣದಲ್ಲಿ ಅಂಗಳ ಬರೆಯಲಿ. ಆಗ ಒಂದು ಸೆಂಟಿಮೀಟರು ಎಂದರೆ ಒಂದು ಸೆಕೆಂಡು. ಎರಡೂ ತಂಡಗಳ ದಾರಿಯ ಮೇಲೆ ದಾರ ಹಾಸಿ ಅಳೆದು, ಅವರು ಎಷ್ಟನೆಯ ಸೆಕೆಂಡಿನಲ್ಲಿ ಎಲ್ಲಿ ಎದುರಾಗುತ್ತಾರೆಂದು ಪಕ್ಕದಲ್ಲಿ ಬರೆದಿಡಲಿ. ಆಮೇಲೆ ಕಟ್ಟಿ, ನಾಲ್ಕು ಜನ ಗೆಳೆಯರಿಗೆ ಆಡಲು ಕೊಟ್ಟು, ತಾನು ಒಂದು ಮಾತನ್ನೂ ಹೇಳಿಕೊಡದೆ ಗಡಿಯಾರ ಹಿಡಿದು ಹಿಂದೆ ಕುಳಿತುಕೊಳ್ಳಲಿ.