ನೆರಳು ಗಿಡ್ಡವಾದರೆ ಗುದ್ದಲಿ ಕೆಳಗಿಡಿ

ನಮ್ಮದು ಚಳ್ಳಕೆರೆ ಕಡೆಯ ಖುಷ್ಕಿ ಹೊಲ. ‘ಬಿಸ್ಲಿಗೆ ಹೆದರಿದ್ರೆ ಬೇಸಾಯ ಆಗ್ತದಾ?’ ಅಂತ ಬನಿಯನ್ನಿನಲ್ಲೇ ದುಡಿಯುತ್ತಿದ್ದವನು ನಾನು. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಬದು ಹಾಕುವಾಗ ನನ್ನ ತಮ್ಮ ಏನೇನೋ ಬಡಬಡಿಸಿ ಕುಸಿದ. ಮೈ ಕೆಂಡ. ಕುಡಿದಿದ್ದಾನೆ ಅಂದರು ಕೆಲವರು! ಜಾಲಿಮರದ ನೆರಳಿಗೆ ಎಳೆದು, ಕೊಡದ ನೀರೆಲ್ಲ ಮೈಮೇಲೆ ಸುರಿದು, ಟವೆಲಿನಿಂದ ಬೀಸುತ್ತಲೇ ಆಸ್ಪತ್ರೆಗೆ ಒಯ್ದೆವು. ಉಳಿದುಕೊಂಡ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು, ಶ್ವಾಸಕೋಶಕ್ಕೆ ಹೋದೀತು. ಮೈಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುಳಿಗೇ ಪೆಟ್ಟು.

ಬೆವರು ಆರಿದರೇ ಮೈ ತಣಿಯುವುದು. ಆ ಬೆವರಿಗೆ ನೀರು, ಉಪ್ಪು ಎರಡೂ ಬೇಕು. ಬಾಯಾರುವ ತನಕ ಕಾಯದೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ.

ನಮ್ಮೂರ ಹೆಣ್ಣಾಳುಗಳು ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು ಕಳೆ ಕೀಳುತ್ತಾರೆ. ನಗುತ್ತಿದ್ದೆವು. ಜಾಣರು ಅವರೇ. ಈಗ ನಾನೂ ಸಡಿಲ ಹತ್ತಿ ಅಂಗಿ ತೊಟ್ಟು, ಕುತ್ತಿಗೆ ಮುಚ್ಚುವಂತೆ ಟವೆಲ್ ಸುತ್ತುತ್ತೇನೆ.

ನಿಮ್ಮ ನೆರಳು ನಿಮಗಿಂತ ಗಿಡ್ಡವಾಯಿತೋ, ಅದು ಚರ್ಮ ಸುಡುವ ಬಿಸಿಲು. ಬೇಸಿಗೆಯಲ್ಲಿ ಒಂಬತ್ತೂವರೆಗೇ ಶುರು. ಅಷ್ಟು ಹೊತ್ತಿಗೇ ಕೆಲಸ ಬಿಡೋದು ನಮಗಾಗದು. ಬೆಳಿಗ್ಗೆ 6ಕ್ಕೆ ಇಳಿದು 11ಕ್ಕೆ ಹತ್ತುತ್ತೇವೆ, ಮತ್ತೆ ಸಂಜೆ 4ಕ್ಕೆ. ನಡುವಿನ ಹೊತ್ತಿಗೆ ಆಳುಗಳ ಕೂಲಿ ಮುರಿಯೋದಿಲ್ಲ.